ಅಳೆಯುವ ಕೊಳಗ ಯಾರ ಕೈಯಲ್ಲಿದೆ?

ನಮ್ಮೂರ ಗೌಡರ ಮನೆಯಲ್ಲಿ ಹಿಂದೆ ಎರಡು ಕೊಳಗ ಇದ್ದವಂತೆ. ರಾಗಿ ಸಾಲ ಕೊಡುವಾಗ ಒಂದು, ಸುಗ್ಗಿಯಲ್ಲಿ ವಸೂಲಿ ಮಾಡುವಾಗ ಇನ್ನೊಂದು. ಎರಡರ ಹೆಸರೂ ಕೊಳಗವೇ. ಕೊಡೋ ಕೊಳಗದ ತಳ ಮೇಲಿತ್ತು, ತಗೊಳ್ಳೋ ಕೊಳಗದ ತಳ ಕೆಳಗಿತ್ತು ಅಂತ ನಮ್ಮ ತಾತ ಹೇಳುತ್ತಿದ್ದ. 'ಯಾಕೆ ಕೇಳಲಿಲ್ಲ ತಾತ?' ಅಂದರೆ, 'ಕೇಳೋಕೆ ನಮ್ತಾವ ಮೂರನೇ ಕೊಳಗ ಎಲ್ಲಿತ್ತು ಮಗಾ?' ಅನ್ನುತ್ತಿದ್ದ.

ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ಊರಿಗೆ ಒಬ್ಬ ಸರ್ಕಾರಿ ಮನುಷ್ಯ ಬಂದ. ಹೆಗಲಿಗೆ ಬ್ಯಾಗು, ಕೈಯಲ್ಲಿ ಉದ್ದನೆ ಫಾರಂ. ಗೌಡರ ಜಗಲಿ ಮೇಲೆ ಕೂತು, 'ಹೆಣ್ಣಾಳಿಗೆ ಎಷ್ಟು ಕೊಡ್ತೀರಿ? ಎಷ್ಟು ಹೊತ್ತು ಕೆಲಸ?' ಅಂತ ಕೇಳಿದ. 'ಇನ್ನೆಷ್ಟು ಸ್ವಾಮಿ, ಎಂಟು ಗಂಟೆ. ಕೂಳು ಉಣ್ಣೋದು, ಎಲೆಅಡಿಕೆ ಹಾಕೋದು ಎಲ್ಲ ಕಳೆದ್ರೆ ಆರೂ ಆಗಲ್ಲ' ಅಂತ ಗೌಡರು ನಕ್ಕರು. ಆತ ಬರೆದುಕೊಂಡ. ಕಾಫಿ ಕುಡಿದು ಎದ್ದ. ಅದೇ ಹೊತ್ತಿಗೆ ನಮ್ಮವ್ವ ಹಿತ್ತಲಲ್ಲಿ ತಲೆ ಮೇಲೆ ಗೊಬ್ಬರದ ಮಂಕರಿ ಹೊತ್ತು ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಕೇರಿ ಕಡೆ ಆತ ತಿರುಗಿ ಕೂಡ ನೋಡಲಿಲ್ಲ.

ಆವತ್ತು ರಾತ್ರಿ ನಾವು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವ್ವನ ದಿನ ಬರೆದೆವು. ಬೆಳಗಿನ ಜಾವ ಐದಕ್ಕೆ ಕೊಟ್ಟಿಗೆ ಕಸ. ಏಳಕ್ಕೆ ಮನೆಗೆ ಬಂದು ಮುದ್ದೆ ತಿರುವಿ ಎಂಟಕ್ಕೆ ಹೊಲ. ನಡುವೆ ಅರ್ಧ ಗಂಟೆ ಊಟ. ಆರಕ್ಕೆ ಹೊಲ ಬಿಟ್ಟರೆ ಹುಲ್ಲಿನ ಹೊರೆ ಗೌಡರ ಮನೆಗೆ ಹಾಕಿ ಬರುವಾಗ ಏಳು. ಕೂಡಿ ನೋಡಿದರೆ ಹನ್ನೆರಡೂವರೆ ಗಂಟೆ. ಕೊಟ್ಟಿಗೆ ಕಸಕ್ಕೂ ಹುಲ್ಲಿನ ಹೊರೆಗೂ ಕೂಲಿ ಇಲ್ಲ, ಅದು 'ಹಾಗೇ ಮಾಡೋದು'. ಸರ್ಕಾರದ ಫಾರಂನಲ್ಲಿ ಮಾತ್ರ ಎಂಟು ಅಂತ ಕೂತಿತು.

ಕವಿತೆ, ಕತೆ, ನಾಟಕಗಳ ವಿಮರ್ಶೆ ಬರುವ ಈ ಪುಟದಲ್ಲಿ ಸರ್ಕಾರಿ ಅಂಕಿಅಂಶದ ಮಾತೇಕೆ ಅಂತ ಗೆಳೆಯರು ಕೇಳಬಹುದು. ಪಟ್ಟಿಯೂ ಒಂದು ಬರಹವೇ ಅಲ್ಲವೇ? ಅದಕ್ಕೂ ಬರೆಯುವವನಿದ್ದಾನೆ, ಹೇಳುವವನಿದ್ದಾನೆ, ಬಾಯಿ ಮುಚ್ಚಿ ನಿಂತವಳಿದ್ದಾಳೆ. ಕಾದಂಬರಿಯಲ್ಲಿ ದಲಿತ ಹೆಂಗಸು ಮೂಕಿಯಾಗಿ ಬಂದರೆ ನಾವು ಸಿಟ್ಟಾಗುತ್ತೇವೆ. ಕನಿಷ್ಠ ಕೂಲಿ ನಿಗದಿ ಮಾಡುವ ಪಟ್ಟಿಯಲ್ಲಿ ಅವಳು ಬರದೇ ಹೋದರೆ ನಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಈ ಸಲ ಆ ಬರಹವನ್ನೇ ಓದೋಣ.

*

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದ್ದು 1919ರಲ್ಲಿ. ಭಾರತ ಅದರ ಸ್ಥಾಪಕ ಸದಸ್ಯ. ದುಡಿಯುವವರ ಕೂಲಿ ಎಷ್ಟು, ದುಡಿಮೆಯ ಗಂಟೆ ಎಷ್ಟು ಎಂಬ ಲೆಕ್ಕವನ್ನು ಸರ್ಕಾರಗಳು ಹೇಗೆ ಇಡಬೇಕು ಎಂದು ಈ ಸಂಸ್ಥೆ 1938ರಲ್ಲಿ 63ನೇ ಒಡಂಬಡಿಕೆ ಮಾಡಿತು. ಅದು ಹಳತಾಯಿತೆಂದು 1985ರಲ್ಲಿ 160ನೇ ಒಡಂಬಡಿಕೆ ತಂದಿತು. ಇದೇ ನಮ್ಮ ತಾತ ಹೇಳುತ್ತಿದ್ದ ಮೂರನೇ ಕೊಳಗ. ಒಡೆಯನದೂ ಅಲ್ಲ, ಆಳಿನದೂ ಅಲ್ಲ, ಎಲ್ಲರಿಗೂ ಒಂದೇ ಅಳತೆ ಎಂಬ ಮಾತು.

ಈ 160ರ ಎರಡನೇ ಭಾಗದಲ್ಲಿ 7ರಿಂದ 15ರವರೆಗೆ ಒಂಬತ್ತು ವಿಧಿಗಳಿವೆ. ದುಡಿಯುವ ಜನ ಎಷ್ಟು, ಉದ್ಯೋಗ ಎಷ್ಟು, ನಿರುದ್ಯೋಗ ಎಷ್ಟು ಎನ್ನುವುದು 7. ಆ ಜನ ಯಾವ ಯಾವ ಕಸುಬಿನಲ್ಲಿ ಹೇಗೆ ಹಂಚಿಕೊಂಡಿದ್ದಾರೆ ಎನ್ನುವುದು 8. ಸರಾಸರಿ ಗಳಿಕೆ ಮತ್ತು ದುಡಿದ ಗಂಟೆಗಳ ಲೆಕ್ಕ 9. ಕೂಲಿ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂಬ ಹಂಚಿಕೆ 10. ಆಮೇಲೆ ಬೆಲೆ, ಮನೆಖರ್ಚು, ಕೆಲಸದಲ್ಲಿ ಆಗುವ ಗಾಯ, ಮುಷ್ಕರ ಇತ್ಯಾದಿ. ಸಹಿ ಹಾಕುವ ದೇಶ ಎಲ್ಲವನ್ನೂ ಒಪ್ಪಲೇಬೇಕೆಂದಿಲ್ಲ. ಮೊದಲ ಭಾಗದ ಸಾಮಾನ್ಯ ನಿಯಮಗಳ ಜೊತೆಗೆ ಒಂದು ವಿಧಿ ಒಪ್ಪಿದರೂ ನಡೆಯುತ್ತದೆ.

ಭಾರತ ಸರ್ಕಾರ 1992ರ ಏಪ್ರಿಲ್ 1ರಂದು ಇದನ್ನು ಅನುಮೋದಿಸಿತು. ಒಂಬತ್ತರಲ್ಲಿ ಒಪ್ಪಿಕೊಂಡದ್ದು ಒಂದು, 8ನೇ ವಿಧಿ.

ಇದರ ಅರ್ಥವೇನು? ನಿಮ್ಮ ತಲೆ ಎಣಿಸುತ್ತೇವೆ, ನೀವು ಯಾವ ಕಸುಬಿನವರೆಂದು ಬರೆದುಕೊಳ್ಳುತ್ತೇವೆ. ನಿಮಗೆ ಎಷ್ಟು ಕೊಟ್ಟರು, ಎಷ್ಟು ಹೊತ್ತು ದುಡಿಸಿಕೊಂಡರು ಎಂದು ಲೆಕ್ಕ ಇಡುವ ಹೊಣೆಯನ್ನು ಜಗತ್ತಿನ ಮುಂದೆ ಹೊರುವುದಿಲ್ಲ. 'ಅಂತರರಾಷ್ಟ್ರೀಯ ಮಾನದಂಡ ಪಾಲಿಸಿದ್ದೇವೆ' ಎಂದು ಸರ್ಕಾರ ಹೇಳಿದರೆ ಅದು ಸುಳ್ಳಲ್ಲ. ಪಾಲಿಸಲು ಕಷ್ಟವಾದದ್ದನ್ನು ಮೊದಲೇ ಹೊರಗಿಟ್ಟರೆ ಉಳಿದದ್ದನ್ನು ಪಾಲಿಸುವುದು ಸುಲಭ. ಪರೀಕ್ಷೆಗೆ ಒಂಬತ್ತು ಪ್ರಶ್ನೆ ಕೊಟ್ಟಾಗ ಒಂದೇ ಬರೆದು ಪಾಸಾಗುವ ಭಾಗ್ಯ ನಮ್ಮ ಹುಡುಗರಿಗೆ ಇದೆಯೇನು?

ಒಪ್ಪಿದ ಒಂದರ ಗತಿಯನ್ನಾದರೂ ನೋಡೋಣ. ಕಸುಬುಗಳ ಲೆಕ್ಕಕ್ಕೆ ದೊಡ್ಡ ಬುನಾದಿ ಜನಗಣತಿ. ಕೊನೆಯದು ನಡೆದದ್ದು 2011ರಲ್ಲಿ. 2021ರಲ್ಲಿ ಆಗಬೇಕಾದದ್ದು ಮುಂದಕ್ಕೆ ಹೋಗುತ್ತ ಹೋಗುತ್ತ 2027ಕ್ಕೆ ಬಂದು ನಿಂತಿತು. ನಡುವೆ ಸಮೀಕ್ಷೆಗಳು ನಡೆದಿವೆ, ಇಲ್ಲ ಅನ್ನುವುದಿಲ್ಲ. ಆದರೆ ಹದಿನಾರು ವರ್ಷದ ಹಳೆ ಬುನಾದಿ ಮೇಲೆ ಎಷ್ಟು ಅಂತಸ್ತು ಕಟ್ಟುತ್ತೀರಿ?

*

ಸರ್ಕಾರದ ಕಡೆಯವರು ಹೇಳುವ ಮಾತು ನಮಗೆ ಗೊತ್ತು. 'ವಿಧಿ ಒಪ್ಪದಿದ್ದರೇನು, ಅಂಕಿ ಸಂಗ್ರಹ ಮಾಡ್ತಾನೇ ಇದೀವಲ್ಲ?' ನಿಜ, ಮಾಡುತ್ತಾರೆ. ನ್ಯಾಯವಾಗಿ ಒಂದೊಂದನ್ನೇ ನೋಡಬೇಕು.

ಮೊದಲನೆಯದು ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ. ನೋಂದಾಯಿತ ಕಾರ್ಖಾನೆಗಳು ಎಷ್ಟು ಸಂಬಳ ಕೊಟ್ಟವು, ಎಷ್ಟು 'ಮಾನವ ದಿನ' ಕೆಲಸ ಆಯಿತು ಎಂದು ಅದು ಹೇಳುತ್ತದೆ. ಮಾನವ ದಿನ ಅಂದರೆ ಪ್ರತಿ ಪಾಳಿಗೆ ಹಾಜರಾದ ಜನರನ್ನು ಕೂಡಿದ ಮೊತ್ತ. ಪಾಳಿ ಎಂಟು ಗಂಟೆಯದೋ ಹನ್ನೆರಡು ಗಂಟೆಯದೋ, ಆ ಸಂಖ್ಯೆ ಬಾಯಿ ಬಿಡುವುದಿಲ್ಲ. ನಮ್ಮಕ್ಕ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂರುತ್ತಾಳೆ. ಟಾರ್ಗೆಟ್ ಮುಗಿಯದಿದ್ದರೆ ಕಾರ್ಡು ಪಂಚ್ ಮಾಡಿಸಿ ಮತ್ತೆ ಕೂರಿಸುತ್ತಾರೆ. ಆ ಎರಡು ಗಂಟೆ ಯಾವ ಪುಸ್ತಕಕ್ಕೂ ಏರುವುದಿಲ್ಲ. ಲೆಕ್ಕದಲ್ಲಿ ಅವಳದು ಒಂದು ಮಾನವ ದಿನ, ಅಷ್ಟೆ. ಹೆಸರೇನೋ ಮಾನವ ದಿನ; ದಿನ ಯಾರದು, ಮಾನವ ಯಾರು?

ಎರಡನೆಯದು ಲೇಬರ್ ಬ್ಯೂರೋ ಪ್ರಕಟಿಸುವ ಗ್ರಾಮೀಣ ಕೂಲಿ ದರಗಳ ಪಟ್ಟಿ. ನಮಗೆ ಹತ್ತಿರದ್ದು ಇದೇ. 2013ರ ಪರಿಷ್ಕರಣೆಯ ಹೊತ್ತಿಗೆ 20 ರಾಜ್ಯಗಳ 600 ಹಳ್ಳಿಗಳಿಂದ ಇದಕ್ಕೆ ದರ ಬರುತ್ತಿತ್ತು. ಆರು ಲಕ್ಷ ಹಳ್ಳಿಗಳ ದೇಶಕ್ಕೆ 600 ಸಾಲದು ಅಂತ ನಾವು ಜಗಳ ತೆಗೆಯುವುದಿಲ್ಲ. ಅನ್ನ ಬೆಂದಿದೆಯೋ ನೋಡಲು ಒಂದಗುಳು ಹಿಚುಕಿದರೆ ಸಾಕು. ಆದರೆ ಯಾವ ಗಡಿಗೆಯ ಅಗುಳು? ಗೌಡರ ಜಗಲಿಯ ಅಗುಳು ಹಿಚುಕಿದರೆ ಕೇರಿಯ ಅನ್ನ ಬೆಂದದ್ದು ತಿಳಿಯುತ್ತದೆಯೇ?

ಪಟ್ಟಿಯ ಸಾಲುಗಳನ್ನೇ ಓದಿ. 2013ಕ್ಕೆ ಮೊದಲು ಅದರಲ್ಲಿ 18 ಕಸುಬುಗಳಿದ್ದವು. ನಾಟಿಗೊಂದು ಸಾಲು, ಕಳೆ ಕೀಳುವುದಕ್ಕೊಂದು ಸಾಲು, ಬಾವಿ ತೋಡುವುದಕ್ಕೊಂದು, ಚಪ್ಪಲಿ ಹೊಲಿಯುವವನಿಗೊಂದು. 2013ರ ನವೆಂಬರಿನಿಂದ ಕಸುಬುಗಳು 25 ಆದವು. ಪ್ಲಂಬರ್ ಬಂದ, ಎಲೆಕ್ಟ್ರಿಷಿಯನ್ ಬಂದ, ಬೀಡಿ ಕಟ್ಟುವವರು, ಬಿದಿರು ಬುಟ್ಟಿ ಹೆಣೆಯುವವರು ಬಂದರು. ಸಂತೋಷವೇ. ಆದರೆ ನಾಟಿ, ಕಳೆ ಎರಡೂ ಬಿತ್ತನೆಯ ಸಾಲಿನೊಳಗೆ ಸೇರಿಹೋದವು. ಚಪ್ಪಲಿ ಹೊಲಿಯುವವನ ಸಾಲು ಅಳಿಸಿಹೋಯಿತು. ನಾಟಿ ಹಾಕುವವರು, ಕಳೆ ಕೀಳುವವರು ಯಾರು ಅಂತ ಹಳ್ಳಿ ಮೇಷ್ಟರಿಗೆ ನಾವು ಹೇಳಿಕೊಡಬೇಕೆ? ಬೆಳಗಿಂದ ಬೈಗಿನವರೆಗೆ ಕೆಸರಿನಲ್ಲಿ ಬೆನ್ನು ಬಗ್ಗಿಸುವ ಹೆಂಗಸರ ಕೂಲಿ ಇಳಿಯಿತೋ ಏರಿತೋ ಎಂದು ಬೇರೆಯಾಗಿ ನೋಡುವ ಕಿಂಡಿ ಮುಚ್ಚಿತು. ಯಾರೋ ಬೇಕೆಂದೇ ಮಾಡಿದರು ಅನ್ನುತ್ತಿಲ್ಲ. ಮೇಜಿನ ಮುಂದೆ ಕೂತು ಸಾಲು ಜೋಡಿಸಿದವನ ಕಣ್ಣಿಗೆ ಈ ಎರಡು ಕೆಲಸ ಬೇರೆ ಬೇರೆ ಅಂತ ಕಾಣಲಿಲ್ಲ. ಅವನ ಮನೆಯವರು ಯಾರೂ ಕಳೆ ಕಿತ್ತಿಲ್ಲ.

ಇದೇ ಪಟ್ಟಿಯಲ್ಲಿ ಇನ್ನೊಂದು ವಿಚಿತ್ರ ಇದೆ. ಒಂದೇ ಕೆಲಸಕ್ಕೆ ಗಂಡಸಿಗೊಂದು ದರ, ಹೆಂಗಸಿಗೊಂದು ದರ. ಸಮಾನ ಕೂಲಿಯ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಒಪ್ಪಿದ್ದು 1958ರಲ್ಲಿ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಹಾಗಿದ್ದರೆ ಸರ್ಕಾರವೇ ಪ್ರಕಟಿಸುವ ಈ ಎರಡು ಕಾಲಂ ಏನು? ಕಳವು ನಡೆದದ್ದಕ್ಕೆ ಪೊಲೀಸರೇ ಬರೆದಿಟ್ಟ ಪಂಚನಾಮೆ ಇದ್ದಂತೆ. ಪಂಚನಾಮೆ ಇದೆ, ಕೇಸಿಲ್ಲ.

ಮೂರನೆಯದು ನಿಯತಕಾಲಿಕ ಕಾರ್ಮಿಕ ಪಡೆ ಸಮೀಕ್ಷೆ, 2017ರಿಂದ ನಡೆಯುತ್ತಿರುವುದು. ಮೂರರಲ್ಲಿ ಇದೇ ವಾಸಿ. ಮನೆ ಬಾಗಿಲಿಗೆ ಬರುತ್ತಾರೆ. ವಾರದ ಒಂದೊಂದು ದಿನ ಎಷ್ಟು ಗಂಟೆ ದುಡಿದಿರಿ, ಎಷ್ಟು ಕೂಲಿ ಬಂತು ಅಂತ ಕೇಳುತ್ತಾರೆ. ಇದನ್ನು ಮೆಚ್ಚಲೇಬೇಕು. ಆದರೆ ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದವನೂ ಅಲ್ಲಿ ಆ ವಾರದ ಉದ್ಯೋಗಸ್ಥ. ಈ ಒಂದು ಗಂಟೆಯ ನಿಯಮ ನಮ್ಮ ಸರ್ಕಾರ ಹುಟ್ಟಿಸಿದ್ದಲ್ಲ, ಅಂತರರಾಷ್ಟ್ರೀಯ ಮಾನದಂಡದ್ದೇ. ಆರು ದಿನ ಕೆಲಸ ಹುಡುಕಿ ಸಿಗದೆ, ಏಳನೇ ದಿನ ಯಾರದೋ ಮನೆ ಸೌದೆ ಸೀಳಿದವನನ್ನು ಜಿನೀವಾ ಮತ್ತು ದಿಲ್ಲಿ ಎರಡೂ ಸೇರಿ ಉದ್ಯೋಗಸ್ಥ ಅನ್ನುತ್ತವೆ. ಮೂರನೇ ಕೊಳಗದ ತಳವನ್ನೂ ಒಮ್ಮೆ ಬೆರಳು ಹಾಕಿ ನೋಡಿಯೇ ನಂಬಬೇಕು.

ಆ ಸಮೀಕ್ಷೆ ಜಾತಿಯನ್ನೂ ಕೇಳುತ್ತದೆ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಇತರೆ ಎಂಬ ನಾಲ್ಕು ಚೀಲ. ಮೊದಲ ಚೀಲದೊಳಗೆ ಚರಂಡಿಗೆ ಇಳಿಯುವವನೂ ಇದ್ದಾನೆ, ಆಫೀಸಿನ ಗುಮಾಸ್ತನೂ ಇದ್ದಾನೆ. ಇಬ್ಬರನ್ನೂ ಕೂಡಿ ಭಾಗಿಸಿ ಸರಾಸರಿ ತೆಗೆದರೆ ಆ ಸರಾಸರಿ ಮನುಷ್ಯ ಯಾವ ಕೇರಿಯಲ್ಲೂ ಸಿಗುವುದಿಲ್ಲ.

*

ಇಷ್ಟೆಲ್ಲ ಹೇಳಿ ಮಾನದಂಡವನ್ನೇ ಬೇಡ ಅನ್ನುತ್ತೀರಾ ಅಂದರೆ, ಇಲ್ಲ. ಅದರೊಳಗೆ ನಮಗೆ ಆಯುಧವಾಗುವ ಮಾತುಗಳಿವೆ.

2008ರಲ್ಲಿ ಕಾರ್ಮಿಕ ಅಂಕಿಅಂಶ ತಜ್ಞರ ಹದಿನೆಂಟನೇ ಅಂತರರಾಷ್ಟ್ರೀಯ ಸಮ್ಮೇಳನ ದುಡಿಮೆಯ ಹೊತ್ತನ್ನು ಅಳೆಯುವ ನಿರ್ಣಯ ಮಾಡಿತು. ಯಾವುದು 'ನಿಜವಾಗಿ ದುಡಿದ ಗಂಟೆ' ಎಂದು ಅಲ್ಲಿ ಬಿಡಿಸಿ ಹೇಳಿದೆ. ಕೈ ಆಡಿಸಿದ ಹೊತ್ತು ಮಾತ್ರ ಅಲ್ಲ. ಕೆಲಸಕ್ಕೆ ತಯಾರಿ ಮಾಡುವ, ಸಾಮಾನು ಶುಚಿ ಮಾಡುವ ಹೊತ್ತೂ ಸೇರುತ್ತದೆ. ಮೆಷಿನ್ ಕೆಟ್ಟೋ ಕರೆಂಟ್ ಹೋಗಿಯೋ ಬಟ್ಟೆ ಬಾರದೆಯೋ ಕೆಲಸದ ಜಾಗದಲ್ಲೇ ಕಾಯುತ್ತ ಕೂತ ಹೊತ್ತೂ ಸೇರುತ್ತದೆ. ನಡುವೆ ನೀರು ಕುಡಿದ, ಟೀ ಕುಡಿದ ಸಣ್ಣ ಬಿಡುವೂ ಸೇರುತ್ತದೆ. ಊಟದ ದೊಡ್ಡ ಬಿಡುವು, ಮನೆಯಿಂದ ಹೋಗಿ ಬರುವ ಹಾದಿ ಸೇರುವುದಿಲ್ಲ.

ಈಗ ಗೌಡರ ಜಗಲಿಯ ಮಾತು ಜ್ಞಾಪಿಸಿಕೊಳ್ಳಿ. 'ಎಲೆಅಡಿಕೆ ಹಾಕೋದು ಕಳೆದ್ರೆ ಆರೂ ಆಗಲ್ಲ.' ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಎಲೆಅಡಿಕೆಯ ಐದು ನಿಮಿಷ ನಮ್ಮವ್ವನ ದುಡಿಮೆಯ ಹೊತ್ತೇ. ಕೊಟ್ಟಿಗೆ ಕಸವೂ ದುಡಿಮೆ, ಹುಲ್ಲಿನ ಹೊರೆಯೂ ದುಡಿಮೆ. 'ಕರೆಂಟ್ ಇಲ್ದಾಗ ಸುಮ್ನೆ ಕೂತಿದ್ರಲ್ಲ, ಆ ಗಂಟೆ ಸಂಜೆ ತುಂಬಿಸಿಕೊಡಿ' ಅಂತ ನಮ್ಮಕ್ಕನ ಸೂಪರ್‌ವೈಸರ್ ಹೇಳುವುದು ಕಳ್ಳ ಕೊಳಗ. ಇನ್ನು ಜೀತದ ಲೆಕ್ಕ ಹಿಡಿದರೆ? 1976ರಲ್ಲಿ ಕಾಯ್ದೆ ಜೀತವನ್ನು ನಿಷೇಧಿಸುವ ಮುಂಚೆ, ಅದಾದ ಮೇಲೂ ಕದ್ದುಮುಚ್ಚಿ, ಒಡೆಯ ಕೂಗಿದಾಗ ಓಡಲು ರಾತ್ರಿಯಿಡೀ ಕೊಟ್ಟಿಗೆಯಲ್ಲಿ ಮಲಗಿದವರ ಹೊತ್ತನ್ನು ಯಾವ ಕಾಲಂಗೆ ಹಾಕುತ್ತೀರಿ? ತೋಟಿ, ತಳವಾರಿಕೆ, ಸತ್ತ ದನ ಎಳೆಯುವುದು, ಹಬ್ಬಕ್ಕೆ ತಮಟೆ ಬಡಿಯುವುದು, ಇದೆಲ್ಲ ಬಿಟ್ಟಿ ಚಾಕರಿ. ಸಂಬಳ ಇಲ್ಲದ್ದಕ್ಕೆ ಕೂಲಿಯ ಪಟ್ಟಿಯಲ್ಲಿ ಜಾಗವಿಲ್ಲ. ಕೂಲಿಯ ಪಟ್ಟಿಯಲ್ಲಿ ಜಾಗವಿಲ್ಲದ್ದು ದುಡಿಮೆಯೇ ಅಲ್ಲ ಎಂಬಂತಾಯಿತು.

*

ಗಂಟೆಯ ಲೆಕ್ಕಕ್ಕೆ ನಮ್ಮ ದೇಶದಲ್ಲಿ ಒಂದು ಚರಿತ್ರೆ ಇದೆ. 1919ರ ಮೊಟ್ಟಮೊದಲ ಅಂತರರಾಷ್ಟ್ರೀಯ ಒಡಂಬಡಿಕೆ ಕಾರ್ಖಾನೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದಿತು. ಆದರೆ ಅದರ 10ನೇ ವಿಧಿ ಬ್ರಿಟಿಷ್ ಇಂಡಿಯಾವನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿ ವಾರಕ್ಕೆ 60 ಗಂಟೆ ಎಂದಿತು. ಜಿನೀವಾದ ಮಾನದಂಡದಲ್ಲೂ ಮೊದಲು ಎರಡು ಕೊಳಗವೇ ಇದ್ದವು! ಆ 60 ಇಳಿದು 1934ರಲ್ಲಿ 54 ಆಯಿತು. 48 ಆಗಲು 1946ರವರೆಗೆ ಕಾಯಬೇಕಾಯಿತು. ಆ ತಿದ್ದುಪಡಿಯನ್ನು ಶಾಸನಸಭೆಯ ಮುಂದಿಟ್ಟವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ 1942ರಿಂದ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು. ಅದೇ 1946ರ ಅಕ್ಟೋಬರಿನಲ್ಲಿ ಶಿಮ್ಲಾದಲ್ಲಿ ಲೇಬರ್ ಬ್ಯೂರೋ ಶುರುವಾಯಿತು. ಗಂಟೆ ಇಳಿಸುವುದು, ಲೆಕ್ಕ ಇಡುವುದು ಎರಡೂ ಒಂದೇ ವರ್ಷದ ಕೂಸುಗಳು.

ಇನ್ನು ನಮ್ಮ ಕರ್ನಾಟಕ. 2020ರ ಮೇ 22ರಂದು, ಕೊರೋನಾದ ನೆಪದಲ್ಲಿ, ಕಾರ್ಖಾನೆಗಳು ದಿನಕ್ಕೆ 10, ವಾರಕ್ಕೆ 60 ಗಂಟೆ ದುಡಿಸಿಕೊಳ್ಳಬಹುದು ಎಂದು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿತು. ಬ್ರಿಟಿಷರ 60, ನೂರೊಂದು ವರ್ಷದ ಮೇಲೆ, ಅದೇ ಅಂಕಿ! ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲಿ ವಾಪಸ್ ತೆಗೆದುಕೊಂಡರು. 2023ರಲ್ಲಿ ಕಾಯ್ದೆಯನ್ನೇ ತಿದ್ದಿ, ವಾರಕ್ಕೆ 48ರ ಮಿತಿ ಉಳಿಸಿಕೊಂಡು, ಬಿಡುವೂ ಸೇರಿ ದಿನಕ್ಕೆ 12 ಗಂಟೆಯವರೆಗೆ ಹೋಗಲು ದಾರಿ ಮಾಡಿದರು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನು 144ಕ್ಕೆ ಏರಿಸಿದರು. ವಾರಕ್ಕೆ 48 ಎಂಬ ಬೇಲಿ ಇದೆಯಲ್ಲ ಎಂದು ಸಮಾಧಾನ ಹೇಳುತ್ತಾರೆ. ಬೇಲಿ ಕಾಯುವವರು ಯಾರು? ಪಂಚ್ ಮಾಡಿಸಿದ ಮೇಲೆ ಕೂರಿಸುವ ಗಂಟೆಗಳ ಲೆಕ್ಕ ಯಾವ ಸರ್ಕಾರಿ ಪುಸ್ತಕದಲ್ಲೂ ಇಲ್ಲದಿರುವಾಗ ಬೇಲಿ ಇದ್ದರೆಷ್ಟು ಬಿದ್ದರೆಷ್ಟು? 9ನೇ ವಿಧಿಯನ್ನು ಯಾಕೆ ಹೊರಗಿಟ್ಟರು ಎಂಬ ನೋವು ಇಲ್ಲಿ ಚುಚ್ಚುತ್ತದೆ. ಎಣಿಸದ ಗಂಟೆಯನ್ನು ಏರಿಸಿದರೂ ಏರಿಸಿದ್ದು ಕಾಣುವುದಿಲ್ಲ.

*

ನಮ್ಮ ಸಂಗಾತಿಗಳಲ್ಲೇ ಕೆಲವರು ಹೇಳುತ್ತಾರೆ: 'ಹಸಿದವನಿಗೆ ಅಂಕಿ ಯಾಕಪ್ಪ? ಬೀದಿಗಿಳಿದರೆ ಎಲ್ಲ ಸರಿಹೋಗುತ್ತೆ.' ಬೀದಿಗೆ ನಾವೂ ಇಳಿದಿದ್ದೇವೆ. ನಾಲ್ಕು ವರ್ಷದ ಹಿಂದೆ ನಮ್ಮ ಕೇರಿಯ ಹನ್ನೊಂದು ಹೆಂಗಸರು ಕನಿಷ್ಠ ಕೂಲಿ ಸಿಕ್ಕಿಲ್ಲ ಅಂತ ದೂರು ಹಿಡಿದು ಒಂದು ಕಚೇರಿಗೆ ಹೋದರು. ಡಿಗ್ರಿ ಓದಿದವರು ಕೇರಿಯಲ್ಲಿ ನಾವೊಬ್ಬರೇ, ಜೊತೆಗೆ ಹೋದೆವು. ಅಧಿಕಾರಿ ಒಳ್ಳೆಯವರೇ. ಕೂರಿಸಿ ಮಾತಾಡಿಸಿದರು. 'ಎಷ್ಟು ದಿನ, ಎಷ್ಟು ಗಂಟೆ, ಎಷ್ಟು ಕೊಟ್ಟರು, ದಾಖಲೆ ಏನಿದೆ ತಾಯಿ?' ಅಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಮೀನಿನ ಒಡೆಯ ಒಂದು ನೋಟ್‌ಬುಕ್ ತಂದಿದ್ದ. ಅದರಲ್ಲಿ ಎಲ್ಲ ದಿನಕ್ಕೂ ಎಂಟು ಗಂಟೆ. ಗೆದ್ದದ್ದು ನೋಟ್‌ಬುಕ್ಕು.

ಆವತ್ತು ಬಸ್‌ಸ್ಟ್ಯಾಂಡಿನಲ್ಲಿ ಕೂತು ನಾವು ಯೋಚಿಸಿದ್ದು ಇಷ್ಟೆ. ಬಾಬಾಸಾಹೇಬರು ಕಾನೂನು ಓದಿದವರು ಮಾತ್ರ ಅಲ್ಲ, ಅರ್ಥಶಾಸ್ತ್ರ ಓದಿದವರು. ಸಣ್ಣ ಹಿಡುವಳಿಗಳ ಬಗ್ಗೆ 1918ರಲ್ಲಿ, ರೂಪಾಯಿಯ ಸಮಸ್ಯೆಯ ಬಗ್ಗೆ 1923ರಲ್ಲಿ ಬರೆದವರು. ಅಂಕಿಯನ್ನು ಒಡೆಯರ ಕೈಗೆ ಬಿಟ್ಟು ಘೋಷಣೆಯನ್ನು ಮಾತ್ರ ನಾವಿಟ್ಟುಕೊಂಡರೆ ಸಾಲದು ಎಂದು ಅವರ ಬದುಕೇ ಹೇಳುತ್ತದೆ.

ಹಾಗಾದರೆ ಕೇಳಬೇಕಾದ್ದೇನು? 160ನೇ ಒಡಂಬಡಿಕೆಯ 9 ಮತ್ತು 10ನೇ ವಿಧಿಗಳನ್ನು ಸರ್ಕಾರ ಒಪ್ಪಬೇಕು. ಅದರ 3ನೇ ವಿಧಿ, ಅಂಕಿ ಸಂಗ್ರಹದ ವ್ಯಾಖ್ಯೆ ವಿಧಾನಗಳನ್ನು ರೂಪಿಸುವಾಗ ಮಾಲಿಕರ ಮತ್ತು ಕಾರ್ಮಿಕರ ಸಂಘಟನೆಗಳನ್ನು ಕೇಳಲೇಬೇಕು ಎನ್ನುತ್ತದೆ. ಅದು ಮೊದಲ ಭಾಗದ್ದು, ಭಾರತ ಒಪ್ಪಿಯಾಗಿದೆ. ಪಟ್ಟಿಯಿಂದ ನಾಟಿ, ಕಳೆ, ಚಪ್ಪಲಿಯ ಸಾಲು ತೆಗೆಯುವಾಗ ಯಾವ ಕೂಲಿಕಾರರ ಸಂಘವನ್ನು ಕೇಳಿದಿರಿ ಎಂದು ನಾವು ಕೇಳಬಹುದು, ಕೇಳಬೇಕು. ಕೂಲಿ, ಗಂಟೆ, ಜಾತಿ, ಹೆಣ್ಣು ಗಂಡು, ಇವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಅಚ್ಚು ಹಾಕಿ ಎನ್ನಬೇಕು. ಕೂಲಿ ಕೊಡುವವನನ್ನಲ್ಲ, ತಗೊಳ್ಳುವವಳನ್ನು ಕೇಳಿ ಎನ್ನಬೇಕು.

ಹಳ್ಳಿ ಶಾಲೆಯ ಮೇಷ್ಟರುಗಳಿಗೆ ಒಂದು ಮಾತು. ಗಣತಿಯ ಫಾರಂ ಹಿಡಿದು ಬರುವವರು ಹೆಚ್ಚಾಗಿ ನೀವೇ. 2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆದಾಗಲೂ ಕೇರಿ ಕೇರಿ ತಿರುಗಿದವರು ನೀವು. ಮುಂದೆ ಯಾವ ಫಾರಂ ಕೊಟ್ಟರೂ ಜಗಲಿಯಲ್ಲಿ ತುಂಬಿಸಬೇಡಿ. ನಾಲ್ಕು ಹೆಜ್ಜೆ ಮುಂದೆ ಬನ್ನಿ. ವಿದ್ಯಾರ್ಥಿ ಗೆಳೆಯರು ತಮ್ಮ ಮನೆಯಿಂದಲೇ ಶುರು ಮಾಡಬಹುದು. ಎರಡು ಗೆರೆ ಎಳೆದ ಒಂದು ನೋಟ್‌ಬುಕ್ಕು ಸಾಕು.

ನಾವು ಶುರು ಮಾಡಿದ್ದೇವೆ. ಈಗ ನಮ್ಮ ಕೇರಿಯಲ್ಲಿ ಹದಿನಾಲ್ಕು ಮನೆಗೆ ಹದಿನಾಲ್ಕು ನೋಟ್‌ಬುಕ್ಕುಗಳಿವೆ. ಹೋದ ಹೊತ್ತು, ಬಂದ ಹೊತ್ತು, ಕೊಟ್ಟ ದುಡ್ಡು. ಓದಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆಯುತ್ತಾರೆ. ಮೊದಲ ವಾರ ಅವ್ವನ ಪುಸ್ತಕ ಓದಿ ಹೇಳಿದೆವು. ಕೊನೆಯವರೆಗೂ ಕೇಳಿ, 'ಬೆಳಿಗ್ಗೆ ನೀರು ಹೊತ್ತದ್ದು ಬರ್ದಿಲ್ವಲ್ಲ ಮಗ, ಅದ್ಯಾರ್ ಲೆಕ್ಕಕ್ಕೆ?' ಅಂದಳು. ಅದು ಕೂಲಿ ಅಲ್ವಲ್ಲವ್ವ ಅನ್ನಲು ಹೋಗಿ ನಮ್ಮ ಬಾಯಿ ಕಟ್ಟಿತು. ನಮ್ಮ ಕೊಳಗದ ತಳವೂ ಮೇಲಿತ್ತು.

ಮೂರನೇ ಗೆರೆ ಎಳೆದಿದ್ದೇವೆ.